ಮಾತ್ರೆಯೋ, ಮೊಕದ್ದಮೆಯೋ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೊದಲ ಎರಡು ದಿನ ಮನೆಯಲ್ಲಿ ಸಂಭ್ರಮ. ಮೂರನೆಯ ದಿನದಿಂದ ‘ಮುಂದೇನು?’ ಎಂಬ ಪ್ರಶ್ನೆ ಶುರು. ನಗರದ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ಹತ್ತು ಜನ ಇರುತ್ತಾರೆ. ಹಳ್ಳಿಯಲ್ಲಿ ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ, ಆದರೆ ಅವರಲ್ಲಿ ವಿಷಯ ತಿಳಿದವರು ಕಡಿಮೆ.

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯನ್ನೇ ತೆಗೆದುಕೊಳ್ಳಿ. ಆಂಧ್ರದ ಗಡಿ ದೂರವಿಲ್ಲ. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ, ಕಾಲೇಜಿಗೆ ಹೋದರೆ ವಿಜ್ಞಾನ ಇಂಗ್ಲಿಷಿನಲ್ಲಿ. ಜೀವನ ನಡೆಯುವುದು ಕೊಳವೆಬಾವಿಯ ನೀರು ಮತ್ತು ವಡ್ಡಹಳ್ಳಿ ಮಾರುಕಟ್ಟೆಯ ಟೊಮೆಟೊ ಬೆಲೆಯ ಮೇಲೆ. ಇಂಥ ಹತ್ತಾರು ಮನೆಗಳಲ್ಲಿ ನಡೆಯುವ ಮಾತನ್ನು ಒಂದೇ ಮನೆಗೆ ತಂದು ನೋಡಿದರೆ ಚಿತ್ರ ಹೀಗಿರುತ್ತದೆ.

ಹುಡುಗ ವಿಜ್ಞಾನದಲ್ಲಿ ಪಾಸಾಗಿದ್ದಾನೆ. ಅಂಕ ಕೆಟ್ಟದೇನಲ್ಲ, ಆದರೆ ಡಾಕ್ಟರ್ ಸೀಟು ಸಿಗುವಷ್ಟಿಲ್ಲ. ಅಪ್ಪ ವರ್ಷಗಳಿಂದ ದಾಯಾದಿಗಳೊಡನೆ ಜಮೀನಿನ ಗಡಿಯ ವ್ಯಾಜ್ಯಕ್ಕಾಗಿ ಮುಳಬಾಗಿಲಿನ ನ್ಯಾಯಾಲಯಕ್ಕೆ ಅಲೆದವನು. ‘ಮಗ ಲಾಯರ್ ಆಗಲಿ, ನಮ್ಮ ಕಷ್ಟ ನಮ್ಮವನಿಗೇ ಗೊತ್ತಾಗ್ಲಿ’ ಎನ್ನುವುದು ಅವನ ಆಸೆ. ಅಮ್ಮನಿಗೆ ಮಗ ನೆರಳಿನಲ್ಲಿ ಕೂತು ದುಡಿದರೆ ಸಾಕು. ಅವಳ ತಮ್ಮ, ಅಂದರೆ ಹುಡುಗನ ಸೋದರಮಾವ, ಮೂರನೆಯ ದಾರಿ ತೋರಿಸುತ್ತಾನೆ: ‘ಎರಡೇ ವರ್ಷದ ಓದು ಕಣಕ್ಕಾ, ಡಿ.ಫಾರ್ಮ. ಸರ್ಟಿಫಿಕೇಟ್ ಕೈಗೆ ಬಂದ್ರೆ ಸಾಕು, ಇವನು ಅಂಗಡೀಲಿ ಕೂರೋದೂ ಬೇಡ. ಯಾರಾದ್ರೂ ಮೆಡಿಕಲ್ ಸ್ಟೋರ್‌ನವರು ಬಾಡಿಗೆ ಕೊಟ್ಟು ಇಟ್ಕೋತಾರೆ.’

ಮೂವರ ಮಾತಿನಲ್ಲೂ ಒಂದೊಂದು ತಪ್ಪು ಲೆಕ್ಕ ಇದೆ. ಅತಿ ದೊಡ್ಡದು ಮಾವನದು.

<b>ಬಾಗಿಲುಗಳು ಯಾವ ಕಡೆಗೆ ತೆರೆಯುತ್ತವೆ?</b>

ಮೊದಲು ಓದಿನ ಹಾದಿ. ಫಾರ್ಮಸಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಲೇಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ. ಡಿಪ್ಲೊಮಾ (ಡಿ.ಫಾರ್ಮ) ಎರಡು ವರ್ಷ, ಅದರ ಬೆನ್ನಿಗೆ ಮೂರು ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಪದವಿ (ಬಿ.ಫಾರ್ಮ) ನಾಲ್ಕು ವರ್ಷ. 2008ರಲ್ಲಿ ಆರಂಭವಾದ ಫಾರ್ಮ್.ಡಿ ಆರು ವರ್ಷ. ಕರ್ನಾಟಕದಲ್ಲಿ ಬಿ.ಫಾರ್ಮ ಮತ್ತು ಫಾರ್ಮ್.ಡಿ ಸೀಟುಗಳಿಗೆ ಸಿಇಟಿ ಬರೆಯಬೇಕು. ಗಣಿತ ಓದಿ ಜೀವಶಾಸ್ತ್ರ ಬಿಟ್ಟವರು ಹೆದರಬೇಕಾಗಿಲ್ಲ, ಬಿ.ಫಾರ್ಮ ಮೊದಲ ಸೆಮಿಸ್ಟರಿನಲ್ಲಿ ಅವರಿಗೆ ಜೀವಶಾಸ್ತ್ರದ, ಜೀವಶಾಸ್ತ್ರ ಓದಿದವರಿಗೆ ಗಣಿತದ ಪೂರಕ ಪಾಠ ಇರುತ್ತದೆ.

ಕಾನೂನಿಗೆ ಇಂಥ ಕಟ್ಟುಪಾಡಿಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಪಿಯುಸಿ ನಂತರ ಐದು ವರ್ಷದ ಕೋರ್ಸು ಸೇರಬಹುದು. ಯಾವುದಾದರೂ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ ಇದೆ. ಎರಡಕ್ಕೂ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡ 45 ಅಂಕ ಬೇಕು. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40.

ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಿ.ಫಾರ್ಮ ಮುಗಿಸಿದವನು ಮನಸ್ಸು ಬದಲಾದರೆ ಇನ್ನು ಮೂರು ವರ್ಷದಲ್ಲಿ ಕಾನೂನು ಪದವೀಧರನಾಗಬಹುದು. ಕಾನೂನು ಓದಿದವನು ಫಾರ್ಮಸಿಗೆ ಬರಬೇಕೆಂದರೆ ಪಿಯುಸಿಯ ವಿಜ್ಞಾನದಿಂದಲೇ ಮತ್ತೆ ಎಣಿಕೆ ಶುರು. ಆದರೆ ಇಲ್ಲೊಂದು ಗುಂಡಿಯೂ ಇದೆ. ಡಿ.ಫಾರ್ಮ ಎನ್ನುವುದು ಡಿಪ್ಲೊಮಾ, ಪದವಿಯಲ್ಲ. ಅದನ್ನು ತೋರಿಸಿ ಮೂರು ವರ್ಷದ ಎಲ್‌ಎಲ್‌.ಬಿಗೆ ಸೇರಲಾಗದು. ‘ಮೊದಲು ಡಿ.ಫಾರ್ಮ ಮಾಡಲಿ, ಆಮೇಲೆ ಬೇಕಾದರೆ ಲಾ ಮಾಡಲಿ’ ಎನ್ನುವ ಪಾಲಕರು ಇದನ್ನು ಗಮನಿಸಬೇಕು. ಅಂಥವನು ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರವಾಗಿ ಸೇರಿ ಪದವಿ ಪಡೆಯಬೇಕು, ಇಲ್ಲವೇ ತನ್ನ ಪಿಯುಸಿ ಅಂಕಪಟ್ಟಿ ಹಿಡಿದು ಐದು ವರ್ಷದ ಕೋರ್ಸಿಗೆ ಹೋಗಬೇಕು.

<b>ಕೌಂಟರಿನ ಆ ಬದಿ</b>

ಔಷಧದ ಅಂಗಡಿಯ ಮುಂದೆ ನಿಂತು ನೋಡುವವರಿಗೆ ಕೆಲಸ ಸುಲಭ. ಚೀಟಿ ಓದು, ಡಬ್ಬಿ ತೆಗೆ, ಮಾತ್ರೆಯ ಪಟ್ಟಿ ಕತ್ತರಿಸು, ದುಡ್ಡು ತಗೋ. ಇದಕ್ಕೆ ಎರಡು ವರ್ಷ ಓದಬೇಕೆ ಎಂದು ಯಾರಿಗಾದರೂ ಅನ್ನಿಸಬಹುದು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ದ್ರವ ಎರಡು ಬಗೆಯಲ್ಲಿ ಬರುತ್ತದೆ. ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಔಷಧ, ಅಂದರೆ ಮಿಲಿಲೀಟರಿಗೆ 25. ಎಳೆಗೂಸಿಗೆ ಹನಿ ಲೆಕ್ಕದಲ್ಲಿ ಕೊಡುವ ‘ಡ್ರಾಪ್ಸ್’ನಲ್ಲಿ ಮಿಲಿಲೀಟರಿಗೆ 100. ಎಳೆಗೂಸಿನದು ಸೌಮ್ಯವಾದ ಔಷಧ ಎಂದು ಎಲ್ಲರೂ ಊಹಿಸುತ್ತಾರೆ. ನಿಜದಲ್ಲಿ ಅದು ನಾಲ್ಕು ಪಟ್ಟು ಗಾಢ. ಹನಿಯಾಗಿ ಕೊಡಬೇಕಾದ್ದರಿಂದ ಕಡಿಮೆ ದ್ರವದಲ್ಲಿ ಹೆಚ್ಚು ಔಷಧ ಇಟ್ಟಿರುತ್ತಾರೆ. ಓದು ಬಾರದ ತಾಯಿಯೊಬ್ಬಳು ಡ್ರಾಪ್ಸ್ ಬಾಟಲಿಯಿಂದ, ಹಿಂದಿನ ಸಲದ ಸಿರಪ್ಪಿನ ಮುಚ್ಚಳದಲ್ಲಿ 5 ಮಿಲಿಲೀಟರ್ ಅಳೆದು ಕುಡಿಸಿದರೆ ಕೂಸಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರ ಒಂದು ಪೂರ್ತಿ ಮಾತ್ರೆ! ಹೀಗೆ ನಾಲ್ಕಾರು ಸಲ ಆದರೆ ಕೂಸಿನ ಯಕೃತ್ತಿಗೇ ಅಪಾಯ. ಬಾಟಲಿ ಕೈಗಿಡುವಾಗ ‘ಇದು ಹನಿ ಹಾಕೋದಮ್ಮಾ, ಮುಚ್ಚಳದಲ್ಲಿ ಅಳೀಬೇಡಿ’ ಎಂದು ಹೇಳುವ ಒಬ್ಬ ಮನುಷ್ಯ ಆ ಅಂಗಡಿಯಲ್ಲಿ ಇದ್ದಾನೋ ಇಲ್ಲವೋ ಎಂಬುದರ ಮೇಲೆ ಆ ಕೂಸಿನ ಕ್ಷೇಮ ನಿಂತಿದೆ.

ಆ ಮನುಷ್ಯನೇ ಫಾರ್ಮಸಿಸ್ಟ್. ಅವನು ಅಂಗಡಿಯಲ್ಲಿ ಇರಲೇಬೇಕು ಎಂದು ಕಾನೂನು ಹೇಳುವುದು ಸುಮ್ಮನೆ ಅಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಕೊಡಬಹುದು. 1945ರ ಔಷಧ ನಿಯಮಗಳ ಪ್ರಕಾರ ಅದು ಅವನ ಕೈಯಿಂದ ಅಥವಾ ಅವನ ಸ್ವಂತ ಮೇಲ್ವಿಚಾರಣೆಯಲ್ಲೇ ಆಗಬೇಕು. 2013ರಲ್ಲಿ ‘ಎಚ್-1’ ಎಂಬ ಹೊಸ ಪಟ್ಟಿಯನ್ನೇ ಮಾಡಿ, ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು ಮತ್ತು ಚಟ ಹಿಡಿಸುವ ಔಷಧಗಳನ್ನು ಮಾರಿದಾಗಲೆಲ್ಲ ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕೆಂದು ವಿಧಿಸಲಾಯಿತು.

ಈಗ ಮಾವನ ‘ಸರ್ಟಿಫಿಕೇಟ್ ಬಾಡಿಗೆ’ಯ ಮಾತಿಗೆ ಬರಬಹುದು. ಗೋಡೆಯ ಮೇಲೆ ಒಬ್ಬನ ಪ್ರಮಾಣಪತ್ರ ತೂಗುಹಾಕಿ, ಕೌಂಟರಿನಲ್ಲಿ ಹತ್ತನೇ ಇಯತ್ತೆಯ ಹುಡುಗನನ್ನು ನಿಲ್ಲಿಸುವ ಪದ್ಧತಿ ಇದೆ, ಇಲ್ಲವೆನ್ನಲಾಗದು. ತಿಂಗಳಿಗೊಮ್ಮೆ ಕೂತಲ್ಲಿಗೆ ಹಣ ಬರುತ್ತದೆ. ಆದರೆ ಆ ಅಂಗಡಿಯಲ್ಲಿ ಒಂದು ತಪ್ಪು ಔಷಧ ಹೋದರೆ, ಒಂದು ನಿದ್ದೆಮಾತ್ರೆ ಅಡ್ಡದಾರಿಯಲ್ಲಿ ಮಾರಾಟವಾದರೆ, ಕಾಗದದ ಮೇಲೆ ಹೊಣೆಗಾರ ಯಾರು? ಗೋಡೆಯ ಮೇಲೆ ಹೆಸರಿರುವವನು. ನೋಂದಣಿ ಪುಸ್ತಕದಿಂದ ಅವನ ಹೆಸರು ತೆಗೆದುಹಾಕುವ ಅಧಿಕಾರ ರಾಜ್ಯ ಫಾರ್ಮಸಿ ಪರಿಷತ್ತಿಗೆ ಇದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಐದು ವರ್ಷ ಪ್ರಮಾಣಪತ್ರ ಬಾಡಿಗೆಗೆ ಬಿಟ್ಟವನು ಓದಿದ್ದನ್ನು ಮರೆತಿರುತ್ತಾನೆ. ಆಮೇಲೆ ಆಸ್ಪತ್ರೆಯ ಕೆಲಸಕ್ಕೆ ಸಂದರ್ಶನಕ್ಕೆ ಹೋದರೆ ಹೇಳಲು ಏನೂ ಉಳಿದಿರುವುದಿಲ್ಲ.

ನೇರ ದಾರಿಯಲ್ಲಿ ನಡೆಯುವವನಿಗೆ ಕೆಲಸಗಳು ಇವೆ. ಸ್ವಂತ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ, ಪರವಾನಗಿ, ಲಸಿಕೆ ಇನ್ಸುಲಿನ್ ಇಡಲು ಫ್ರಿಜ್ ಬೇಕು. ಜನೌಷಧಿ ಕೇಂದ್ರ ತೆರೆಯಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರ್ಕಾರಿ ಹುದ್ದೆಗಳಿವೆ, ಆದರೆ ನೇಮಕಾತಿ ಯಾವಾಗ ಎಂದು ಕಾದು ಕೂರುವುದು ಜಾಣತನವಲ್ಲ. ಬಿ.ಫಾರ್ಮ ಆದವರಿಗೆ ಕಾರ್ಖಾನೆಯ ತಯಾರಿಕೆ, ಗುಣಮಟ್ಟ ಪರೀಕ್ಷೆಯ ವಿಭಾಗಗಳೂ ಇವೆ. ಡಾ. ರೆಡ್ಡೀಸ್ ಕಂಪೆನಿಯನ್ನು 1984ರಲ್ಲಿ ಕಟ್ಟಿದ ಅಂಜಿರೆಡ್ಡಿ ಆಂಧ್ರದ ಅರಿಶಿನ ಬೆಳೆಗಾರರ ಮಗ. ಎಲ್ಲರೂ ಅಂಜಿರೆಡ್ಡಿ ಆಗುವುದಿಲ್ಲ, ನಿಜ. ಹೊಲದಿಂದ ಪ್ರಯೋಗಾಲಯಕ್ಕೆ ದಾರಿ ಇದೆ ಎಂಬುದಕ್ಕೆ ಮಾತ್ರ ಆ ಹೆಸರು.

ಸೇರುವ ಮೊದಲು ಎರಡು ಪ್ರಶ್ನೆ ಕೇಳಲೇಬೇಕು. ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೆ ಇದೆಯೇ? ಇಲ್ಲದಿದ್ದರೆ ಓದು ಮುಗಿದರೂ ನೋಂದಣಿ ಆಗದು. ಎರಡನೆಯದು, ಡಿಪ್ಲೊಮಾದವರಿಗೆ ನೋಂದಣಿಗೆ ಮುಂಚೆ ‘ನಿರ್ಗಮನ ಪರೀಕ್ಷೆ’ ಎಂದು ಪರಿಷತ್ತು 2022ರಲ್ಲಿ ನಿಯಮ ಹೊರಡಿಸಿತು. ಆ ಪರೀಕ್ಷೆಗೆ ಕಾಲೇಜು ಹೇಗೆ ಸಿದ್ಧಪಡಿಸುತ್ತದೆ ಎಂದು ವಿಚಾರಿಸಿ.

<b>ಕರಿಕೋಟಿನ ಮೊದಲ ವರ್ಷಗಳು</b>

ಅಪ್ಪನ ಆಸೆಯನ್ನು ಹಗುರವಾಗಿ ಕಾಣಬಾರದು. ಈ ನೆಲದಲ್ಲಿ ವಕೀಲಿಕೆಗೆ ಗೌರವ ಇದೆ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ರೈತ ಮನೆತನದಲ್ಲಿ 1902ರಲ್ಲಿ ಹುಟ್ಟಿದ ಕೆ.ಸಿ. ರೆಡ್ಡಿ ಅವರು ಕಾನೂನು ಪದವಿ ಪಡೆದು, 1947ರಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಆದರು. ಅವರ ನಂತರ 1952ರಲ್ಲಿ ಆ ಕುರ್ಚಿಗೆ ಬಂದ ಕೆಂಗಲ್ ಹನುಮಂತಯ್ಯ ಅವರೂ ವಕೀಲರೇ. ಕೆಜಿಎಫ್‌ನ ಕಾನೂನು ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ಆದರೆ ಹಿರಿಯರ ಹೆಸರು ಕೇಳಿ ಸೇರುವ ಹುಡುಗ ಮೊದಲ ಮೂರು ವರ್ಷದ ಚಿತ್ರವನ್ನೂ ನೋಡಿರಬೇಕು. ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಡವರ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಆಮೇಲೆ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್. ಬೆಳಿಗ್ಗೆ ಕಡತ ಜೋಡಿಸು, ಮಧ್ಯಾಹ್ನ ನ್ಯಾಯಾಲಯದಲ್ಲಿ ವಾಯಿದೆ ಕೇಳು, ಸಂಜೆ ನಕಲು ತೆಗೆಸು. ತಾಲ್ಲೂಕು ಮಟ್ಟದಲ್ಲಿ ಈ ಅವಧಿಯಲ್ಲಿ ಕೈಗೆ ಬರುವುದು ಬಸ್ ಚಾರ್ಜಿಗೆ ಸಾಕಾದರೆ ಪುಣ್ಯ. ಜೂನಿಯರ್‌ಗಳಿಗೆ ಗ್ರಾಮಾಂತರದಲ್ಲಿ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿತು. ಸುತ್ತೋಲೆ ಸಲಹೆಯಷ್ಟೇ, ಕಡ್ಡಾಯವಲ್ಲ.

ನ್ಯಾಯಾಧೀಶನಾಗುವ ಕನಸಿದ್ದರೂ ಈ ವರ್ಷಗಳನ್ನು ಹಾರಿ ಹೋಗುವಂತಿಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವವರಿಗೆ ಮೂರು ವರ್ಷ ವಕೀಲಿಕೆಯ ಅನುಭವ ಇರಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಈ ಕಾಯುವಿಕೆಯನ್ನು ತಡೆದುಕೊಂಡವನಿಗೆ ಹಳ್ಳಿಗಾಡಿನಲ್ಲಿ ಕೆಲಸಕ್ಕೆ ಬರವಿಲ್ಲ. ಪಹಣಿಯಲ್ಲಿ ಒಂದು ಹೆಸರು, ಅನುಭವದಲ್ಲಿ ಇನ್ನೊಬ್ಬರು, ಪೋಡಿ ಆಗದ ಜಮೀನು, ಬಾಯಿಮಾತಿನ ಪಾಲುಪಾರಿಕತ್ತು. ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆ ಒಂದೇ ಸಾಕು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ತಿದ್ದುಪಡಿ ಆಯಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರದಿದ್ದರೂ ಆ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇದನ್ನು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಜಗಳವಿಲ್ಲದೆ ತಿಳಿಸಿ ಹೇಳಬಲ್ಲ ವಕೀಲ ಒಂದು ಹೋಬಳಿಗೆ ಬೇಕೇ ಬೇಕು.

ಎಚ್ಚರ ಇಲ್ಲೂ ಔಷಧದಷ್ಟೇ ಮುಖ್ಯ. ಮುಳಬಾಗಿಲಿನ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ. ಮರೆತ ವಕೀಲ ವಿಳಂಬಕ್ಕೆ ಕ್ಷಮೆ ಕೋರಿ ಅರ್ಜಿ ಹಾಕಬಹುದು, ಆದರೆ ಕಕ್ಷಿದಾರನ ಎದೆಬಡಿತ ಕೇಳುವವರಿಲ್ಲ.

ಭಾಷೆಯ ಮಾತನ್ನೂ ಹೇಳಬೇಕು. ತಾಲ್ಲೂಕು ನ್ಯಾಯಾಲಯದಲ್ಲಿ ಕನ್ನಡಕ್ಕೆ ಜಾಗ ಇದೆ. ಉಚ್ಚ ನ್ಯಾಯಾಲಯಕ್ಕೆ ಹೋದರೆ ಇಂಗ್ಲಿಷ್. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಲು ಬರೆಯುವ ‘ಕ್ಲಾಟ್’ ಪೂರ್ತಿ ಇಂಗ್ಲಿಷಿನಲ್ಲಿ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಅಲ್ಲಿ ಶೇಕಡ 25 ಸೀಟು ಮೀಸಲಿವೆ ಎಂಬುದು ಈ ಭಾಗದ ಎಷ್ಟು ಶಾಲೆಗಳಲ್ಲಿ ಮಕ್ಕಳ ಕಿವಿಗೆ ಬಿದ್ದಿದೆಯೋ! ಫಾರ್ಮಸಿಯ ಪುಸ್ತಕಗಳಂತೂ ಎಲ್ಲವೂ ಇಂಗ್ಲಿಷೇ. ಕನ್ನಡ ಮಾಧ್ಯಮದ ಹುಡುಗ ಯಾವ ದಾರಿ ಹಿಡಿದರೂ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸವನ್ನು ಬೇಸಿಗೆ ರಜೆಯಲ್ಲೇ ಶುರುಮಾಡುವುದು ಒಳ್ಳೆಯದು.

<b>ಎರಡೂ ಕೂಡುವ ಜಾಗ</b>

ಫಾರ್ಮಸಿ ಮತ್ತು ಕಾನೂನು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಳ್ಳಬೇಡಿ. ಡಿ.ಫಾರ್ಮ ಎರಡನೇ ವರ್ಷದಲ್ಲಿ ಔಷಧ ಕಾನೂನು ಒಂದು ಪಾಠವಿಷಯ. ಬಿ.ಫಾರ್ಮದಲ್ಲೂ ಇದೆ.

1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆಯ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ಅದರಲ್ಲಿ ಸೇರಿದ್ದುದು ಡೈ-ಎಥಿಲೀನ್ ಗ್ಲೈಕಾಲ್, ಮೂತ್ರಪಿಂಡ ಕೆಡಿಸುವ ಕೈಗಾರಿಕಾ ದ್ರವ. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ವಿಚಾರಣೆ ನಡೆಸಿತು. ಅದೇ ವಿಷ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನ ಮೂಲಕ ಮಕ್ಕಳ ಪ್ರಾಣ ತೆಗೆಯಿತು. ಇಂಥ ಪ್ರಕರಣದಲ್ಲಿ ತಪ್ಪಿತಸ್ಥನನ್ನು ಹಿಡಿಯುವ ಕೆಲಸ ಶುರುವಾಗುವುದು ಔಷಧ ಪರಿವೀಕ್ಷಕನಿಂದ. ಅವನು ಫಾರ್ಮಸಿ ಪದವೀಧರನಾಗಿರುತ್ತಾನೆ, ಆದರೆ ದಿನಬೆಳಗಾದರೆ ಮಾಡುವುದು ಅರ್ಧ ಕಾನೂನಿನ ಕೆಲಸ. ಅಂಗಡಿಯಿಂದ ಮಾದರಿ ತೆಗೆದರೆ ಅದನ್ನು ಅಂಗಡಿಯವನ ಎದುರೇ ನಾಲ್ಕು ಭಾಗ ಮಾಡಿ ಮುದ್ರೆ ಒತ್ತಬೇಕು. ಒಂದು ಹೆಜ್ಜೆ ತಪ್ಪಿದರೂ ನ್ಯಾಯಾಲಯದಲ್ಲಿ ಮೊಕದ್ದಮೆ ಬಿದ್ದುಹೋಗಬಹುದು.

ಇನ್ನೊಂದು ಉದಾಹರಣೆ ದೊಡ್ಡದು. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಎಂಬ ಔಷಧದ ಪೇಟೆಂಟಿಗಾಗಿ ನೊವಾರ್ಟಿಸ್ ಕಂಪೆನಿ ಹೂಡಿದ್ದ ದಾವೆಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಂಪೆನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿತ್ತು. ಭಾರತೀಯ ಕಂಪೆನಿಗಳದ್ದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ನ್ಯಾಯಾಲಯದಲ್ಲಿ ಚರ್ಚೆ ಆದದ್ದು ಏನೆಂದು ತಿಳಿದರೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಒಂದೇ ವಸ್ತುವಿನ ಹರಳು ಬೇರೆ ರೂಪದಲ್ಲಿದ್ದರೆ ಅದು ಹೊಸ ಔಷಧವೇ? ಬೀಟಾ ಹರಳು ತೇವ ಹೀರದಿರುವುದರಲ್ಲಿ, ಹರಿಯುವುದರಲ್ಲಿ ಉತ್ತಮ ಇರಬಹುದು, ರೋಗ ಗುಣಪಡಿಸುವುದರಲ್ಲಿ ಉತ್ತಮವೆಂದು ತೋರಿಸಿದ್ದೀರಾ ಎಂಬುದು ಪ್ರಶ್ನೆ. ಪೇಟೆಂಟ್ ಕಾಯ್ದೆಯ 3(ಡಿ) ಕಲಮು ಕೇಳುವುದು ಅದನ್ನೇ. ಇಂಥ ವಾದ ಸಿದ್ಧಪಡಿಸಲು ಹರಳೂ ಗೊತ್ತಿರಬೇಕು, ಕಲಮೂ ಗೊತ್ತಿರಬೇಕು. ಬಿ.ಫಾರ್ಮ ಆದವರು ಕಾನೂನು ಪದವಿ ಇಲ್ಲದೆಯೂ ಪೇಟೆಂಟ್ ಏಜೆಂಟರ ಪರೀಕ್ಷೆ ಬರೆಯಬಹುದು, ಎಲ್‌ಎಲ್‌.ಬಿಯೂ ಇದ್ದರೆ ನ್ಯಾಯಾಲಯದಲ್ಲಿ ವಾದಿಸಬಹುದು. ಆದರೆ ಈ ಕೆಲಸ ಇರುವುದು ಬೆಂಗಳೂರು, ದೆಹಲಿ, ಮುಂಬಯಿಗಳಲ್ಲಿ, ತಾಯಲೂರಿನಲ್ಲಲ್ಲ.

ಎರಡೂ ಓದಿದರೆ ಬೆಳಿಗ್ಗೆ ಕೋರ್ಟು, ಸಂಜೆ ಮೆಡಿಕಲ್ ಸ್ಟೋರ್ ಎಂದು ಲೆಕ್ಕ ಹಾಕುವವರಿಗೆ ಒಂದು ಮಾತು. ಸನ್ನದು ಪಡೆದ ವಕೀಲ ಸ್ವತಃ ವ್ಯಾಪಾರ ನಡೆಸುವಂತಿಲ್ಲ, ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡುವಂತಿಲ್ಲ. ಅದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಓದು ಎರಡಿರಬಹುದು, ಕೆಲಸ ಒಂದನ್ನೇ ಆರಿಸಬೇಕು.

<b>ಮನೆಯ ಲೆಕ್ಕ</b>

ಮತ್ತೆ ಆ ಮನೆಗೆ. ಹುಡುಗನಿಗೆ ಈಗ ಹದಿನೆಂಟು. ಡಿ.ಫಾರ್ಮ ಹಿಡಿದರೆ ಇಪ್ಪತ್ತೊಂದರ ಹೊತ್ತಿಗೆ ಕೈಗೆ ಏನಾದರೂ ಬಂದೀತು. ಬಿ.ಫಾರ್ಮ ಆದರೆ ಇಪ್ಪತ್ತೆರಡು. ಐದು ವರ್ಷದ ಕಾನೂನು ಮುಗಿಯುವಾಗ ಇಪ್ಪತ್ಮೂರು, ಆದರೆ ಸ್ವಂತ ಕಾಲ ಮೇಲೆ ನಿಲ್ಲುವಾಗ ಇಪ್ಪತ್ತಾರೋ ಇಪ್ಪತ್ತೇಳೋ. ಎರಡು ಸಲ ಟೊಮೆಟೊ ಬೆಲೆ ನೆಲ ಕಚ್ಚಿದರೂ ಅಷ್ಟು ವರ್ಷ ಮಗನ ಊಟ, ಬಾಡಿಗೆ ನೋಡಿಕೊಳ್ಳುವ ತ್ರಾಣ ಮನೆಗೆ ಇದೆಯೇ? ‘ಯಾವುದರಲ್ಲಿ ಸಂಪಾದನೆ ಜಾಸ್ತಿ’ ಎಂದು ಕೇಳುವ ಮೊದಲು ಈ ಪ್ರಶ್ನೆಗೆ ಅಪ್ಪ ಅಮ್ಮ ಇಬ್ಬರೂ ಕೂತು ಉತ್ತರ ಹುಡುಕಬೇಕು. ಇದೆ ಎಂದಾದರೆ, ಮಗನಿಗೆ ಮಾತು, ವಾದ, ಓದಿನ ಚಪಲ ಇದ್ದರೆ, ಕಾನೂನಿಗೆ ಧೈರ್ಯವಾಗಿ ಕಳಿಸಬಹುದು. ಇಲ್ಲವೆಂದಾದರೆ ಬಿ.ಫಾರ್ಮ ಮೊದಲು, ದುಡಿಯುತ್ತಾ ಹಣ ಉಳಿಸಿಕೊಂಡು ಕಾನೂನು ಆಮೇಲೆ. ವಿಜ್ಞಾನ ಓದಿದ ಬಡ ಮನೆಯ ಹುಡುಗನಿಗೆ ಇದೇ ಹೆಚ್ಚು ಭದ್ರವಾದ ದಾರಿ.

ಅಪ್ಪನ ಗಡಿ ವ್ಯಾಜ್ಯಕ್ಕೂ ಈ ಆಯ್ಕೆಗೂ ಗಂಟು ಹಾಕದಿರುವುದು ಲೇಸು. ಮಗ ಸನ್ನದು ಪಡೆದು ಬರುವ ಹೊತ್ತಿಗೆ ಆ ದಾವೆ ತೀರ್ಮಾನ ಆಗಿರಬಹುದು, ರಾಜಿಯಾಗಿರಬಹುದು. ಒಂದು ಮೊಕದ್ದಮೆಗಾಗಿ ನಲವತ್ತು ವರ್ಷದ ವೃತ್ತಿಯನ್ನು ಆರಿಸಲಾಗದು.

ಅರ್ಜಿ ಹಾಕುವ ಮೊದಲು ಖರ್ಚಿಲ್ಲದ ಎರಡು ಕೆಲಸ ಇವೆ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದದ್ದು. ಅಪ್ಪನ ಮುಂದಿನ ವಾಯಿದೆಯ ದಿನ ಮಗನೂ ಮುಳಬಾಗಿಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತು ಬರಲಿ. ಪರಿಚಯದ ಔಷಧದ ಅಂಗಡಿಯಲ್ಲಿ, ಫಾರ್ಮಸಿಸ್ಟ್ ನಿಜವಾಗಿ ಕೂರುವ ಅಂಗಡಿಯಲ್ಲಿ, ಹತ್ತು ಸಂಜೆ ನಿಂತು ನೋಡಲಿ. ಒಂದು ಕಡೆ ದಿನವಿಡೀ ನಿಂತೇ ಇರಬೇಕು, ಒಂದೇ ಮಾತನ್ನು ನೂರು ಜನಕ್ಕೆ ನೂರು ಸಲ ಹೇಳಬೇಕು. ಇನ್ನೊಂದು ಕಡೆ ದಿನವಿಡೀ ಕಾದು ಹತ್ತು ನಿಮಿಷ ಮಾತಾಡಬೇಕು. ಯಾವುದು ತನಗೆ ಸಹ್ಯ ಎಂದು ಹುಡುಗನೇ ಹೇಳಲಿ. ಇಷ್ಟು ಹೊತ್ತೂ ಆ ಮನೆಯಲ್ಲಿ ಬಾಯಿ ಬಿಡದೆ ಕೂತಿರುವವನು ಅವನೊಬ್ಬನೇ.

ಅವನ ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಕಲೆ ತೆಗೆದುಕೊಂಡರೆ ಅವಳಿಗೆ ಕಾನೂನಿನ ಬಾಗಿಲು ಮಾತ್ರ ಉಳಿಯುತ್ತದೆ, ವಿಜ್ಞಾನ ತೆಗೆದುಕೊಂಡರೆ ಎರಡೂ. ಅಣ್ಣನ ಮಾತುಕತೆ ನಡೆಯುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.